ಸದ್ದಿಲ್ಲದ ಸಮುದ್ರದ ಜಗಳ

ಆಕೆಗೆ ಒಳ್ಳೆಯ ಹೆಸರೇ ಇತ್ತು, ಕೋಣೆಯ ಬಾಗಿಲ ಮೇಲೆ ಹಿತ್ತಾಳೆಯ ಅಕ್ಷರಗಳಲ್ಲಿ ಕೊರೆಸಿದ್ದರು ಕೂಡ. ಆದರೆ ಕಾಲೇಜಿನಲ್ಲಿ ಪ್ರಿನ್ಸಿಪಾಲರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರ ಬಾಯಲ್ಲೂ ಆಕೆ ಚಿಪ್ಪಿನ ಮೇಡಂ. ಮೊದಮೊದಲು ಹಿಂದಿನಿಂದ ಹೇಳಿ ನಗುತ್ತಿದ್ದರು. ಆಮೇಲೆ ಎದುರಿಗೇ ಕರೆಯತೊಡಗಿದರು. ಕೊನೆಗೆ ಆಕೆಯೂ ಫೋನೆತ್ತಿದರೆ, "ಹಲೋ, ಚಿಪ್ಪಿನ ಮೇಡಂ ಮಾತಾಡ್ತಿರೋದು" ಅನ್ನುವಲ್ಲಿಗೆ ಬಂತು.

ಚಿಪ್ಪಿನ ಮೇಲೆ ಆಕೆಗೆ ಹುಟ್ಟಿನಿಂದ ಬಂದ ಪ್ರೀತಿಯೇನೂ ಇರಲಿಲ್ಲ. ಓದಬೇಕೆಂದು ಆಸೆಪಟ್ಟದ್ದು ರಸಾಯನಶಾಸ್ತ್ರ. ಆ ಸೀಟುಗಳು ತುಂಬಿಹೋಗಿ, ಉಳಿದವರನ್ನೆಲ್ಲ ಭೂವಿಜ್ಞಾನಕ್ಕೆ ತಳ್ಳಿದರು. ಮೊದಲ ವಾರವಿಡೀ ಹಿಂದಿನ ಬೆಂಚಿನಲ್ಲಿ ಮುಖ ಊದಿಸಿಕೊಂಡು ಕೂತಳು. ಆಗ ಒಂದು ದಿನ ಮೇಷ್ಟ್ರು ಬೆಂಚಿನಿಂದ ಬೆಂಚಿಗೆ ಕಲ್ಲು ಹಂಚುತ್ತಾ ಬಂದು, ಕೋಟಿನ ದೊಡ್ಡ ಗುಂಡಿಯಷ್ಟು ಇರುವ ಒಂದನ್ನು ಆಕೆಯ ಅಂಗೈಗೆ ಹಾಕಿದರು.

"ಏನಮ್ಮ ಇದು?"

"ಕಪ್ಪೆಚಿಪ್ಪು ಸರ್."

"ಎಲ್ಲರೂ ಹಾಗೇ ಅಂತಾರೆ. ಎಲ್ಲರೂ ತಪ್ಪು. ಮೇಲಿನ ಚಿಪ್ಪು, ಕೆಳಗಿನ ಚಿಪ್ಪು ಒಂದೇ ಥರ ಇದೆಯಾ ನೋಡು."

ಆಕೆ ತಿರುಗಿಸಿ ನೋಡಿದಳು. ಇರಲಿಲ್ಲ. ಒಂದು ದೊಡ್ಡದು, ಅದರ ತುದಿ ಗಿಳಿಯ ಕೊಕ್ಕಿನ ಹಾಗೆ ಬಾಗಿತ್ತು. ಇನ್ನೊಂದು ಚಿಕ್ಕದು, ಮುಚ್ಚಳದಂತೆ ಕೂತಿತ್ತು. ಆದರೆ ನಡುವೆ ಒಂದು ಗೆರೆ ಎಳೆದರೆ ಎಡಗಡೆ, ಬಲಗಡೆ ಕನ್ನಡಿ ಹಿಡಿದಷ್ಟು ಸಮ.

"ಕಪ್ಪೆಚಿಪ್ಪಿಗೆ ಎರಡು ಚಿಪ್ಪೂ ಅವಳಿಜವಳಿ. ಇದಕ್ಕೆ ಹಾಗಲ್ಲ. ಇದು ಬ್ರಾಕಿಯೋಪಾಡ್. ಆ ಕೊಕ್ಕಿನ ಹತ್ತಿರ ತೂತು ಕಾಣ್ತಿದೆಯಲ್ಲ, ಅದರಿಂದ ಒಂದು ದಂಟು ಹೊರಗೆ ಬಿಟ್ಟು ಸಮುದ್ರದ ತಳಕ್ಕೆ ಅಂಟ್ಕೊಂಡು ಬದುಕ್ತಿತ್ತು. ಡಿವೋನಿಯನ್ ಕಾಲದ್ದು. ಹತ್ತಿರ ಹತ್ತಿರ ನಲವತ್ತು ಕೋಟಿ ವರ್ಷ. ಬೀಳಿಸಬೇಡ."

ಬೀಳಿಸಬೇಡ ಅಂದದ್ದೇ ತಡ ಬೀಳಿಸಿದಳು. ಅದು ಒಡೆಯಲಿಲ್ಲ. ನಲವತ್ತು ಕೋಟಿ ವರ್ಷ ತಾಳಿದ್ದು ಒಂದು ಬೆಂಚಿನ ಎತ್ತರಕ್ಕೆ ಜಗ್ಗಲಿಲ್ಲ. ಬಗ್ಗಿ ಹುಡುಕಿ ಎತ್ತಿಕೊಂಡವಳು ಗಂಟೆ ಹೊಡೆದರೂ ಅದನ್ನು ವಾಪಸು ಕೊಡಲಿಲ್ಲ. ರಸಾಯನಶಾಸ್ತ್ರದ ಸುದ್ದಿ ಅಲ್ಲಿಗೆ ಮುಗಿಯಿತು.

ಊರಾಚೆ ಒಂದು ಸುಣ್ಣಕಲ್ಲಿನ ಗಣಿಯಿತ್ತು. ಮೆಟ್ಟಿಲು ಮೆಟ್ಟಿಲಾಗಿ ಕಡಿದ ದೊಡ್ಡ ಹೊಂಡ. ಸಿಮೆಂಟಿಗೆ ಕಲ್ಲು ಒಡೆಯುವವರ ಲಾರಿಗಳು ಒಂದು ಕಡೆ, ಸುತ್ತಿಗೆ ಹಿಡಿದ ಮೇಷ್ಟ್ರು ಇನ್ನೊಂದು ಕಡೆ. ಅದು ಹಿಂದೆ ಸಮುದ್ರದ ತಳವಾಗಿತ್ತು. ಮೇಷ್ಟ್ರು ತಮ್ಮ ಪ್ರಾಯವನ್ನೆಲ್ಲ ಆ ಹೊಂಡದಲ್ಲಿ ಕಳೆದು ಒಂದು ಮಾತು ಹೇಳಿದ್ದರು: ಇಲ್ಲಿದ್ದದ್ದು ಸದ್ದಿಲ್ಲದ ಸಮುದ್ರ. ಆಳ, ಕೆಸರು, ಅಲುಗಾಡದ ನೀರು. ರೆಕ್ಕೆ ಬಿಚ್ಚಿದಂತೆ ಅಗಲವಾದ ಚಿಪ್ಪುಗಳು ಮೆತ್ತನೆ ಕೆಸರಲ್ಲಿ ಮುಳುಗದೆ ತೇಲಿದಂತೆ ಮಲಗಿದ್ದವು, ಅವನ್ನು ಯಾರೂ ಕದಲಿಸಿದವರಿಲ್ಲ. ಆ ಮಾತಿಗೆ ಹೊರಗೆ ಹೆಸರೂ ಬಂದಿತ್ತು. ದೂರದೂರದವರು ಪತ್ರ ಬರೆಯುತ್ತಿದ್ದರು.

ಆಕೆ ಅವರ ಕೈಕೆಳಗೇ ಸಂಶೋಧನೆಗೆ ಸೇರಿದಳು. ಮೇಷ್ಟ್ರು ಆಕೆಗೆ ಗಣಿಯ ಮೇಲಿನ ಮೆಟ್ಟಿಲುಗಳನ್ನು ಬಿಟ್ಟುಕೊಟ್ಟರು. ಅಲ್ಲಿ ಆಕೆ ಕಂಡದ್ದೇ ಬೇರೆ. ತೆಳುವಾದ ಪದರಗಳ ತುಂಬ ಚೂರುಚೂರಾದ ಚಿಪ್ಪುಗಳು. ಜೋಡಿ ತಪ್ಪಿದವು. ಬಹುಪಾಲು ಎಲ್ಲವೂ ಬಟ್ಟಲು ಬೋರಲು ಹಾಕಿದಂತೆ ಮಗುಚಿ ಬಿದ್ದಿದ್ದವು. ನೀರು ಜೋರಾಗಿ ಹರಿದಾಗ ಚಿಪ್ಪು ಹಾಗೆ ಮಗುಚಿಕೊಳ್ಳುತ್ತದೆ, ಮಗುಚಿಕೊಂಡದ್ದನ್ನು ನೀರು ಮತ್ತೆ ಸುಲಭಕ್ಕೆ ಎತ್ತಲಾರದು. ಅಂದರೆ ಇಲ್ಲಿ ಅಲೆ ಬಡಿದಿತ್ತು. ಬಿರುಗಾಳಿ ಬಂದಿತ್ತು.

ಹೇಳಿದಾಗ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಎರಡು ಪದರ ನೋಡಿ ಸಮುದ್ರಕ್ಕೆ ಗುಣ ಹೇಳಬೇಡ."

"ಎರಡಲ್ಲ ಸರ್, ಮೇಲೆಲ್ಲ ಹಾಗೇ ಇದೆ."

"ಮೇಲಿನದು ಜರಿದು ಬಿದ್ದಿರೋ ಕಲ್ಲು. ಬಿಡು ಅದನ್ನ."

ಆಕೆ ಬಿಡಲಿಲ್ಲ. ಮೂರ್ನಾಲ್ಕು ವರ್ಷ ಹಲ್ಲು ಕಚ್ಚಿ ಕೆಲಸ ಮಾಡಿ, ಅದೇ ಕಾಲೇಜಿನಲ್ಲಿ ಕೆಲಸ ಸಿಕ್ಕ ಮೇಲೆ, ತನ್ನ ಹೆಸರಿನಲ್ಲೇ ಒಂದು ಲೇಖನ ಪ್ರಕಟಿಸಿದಳು. ಅದರ ಸಾರ ಇಷ್ಟೇ: ಇದು ಸದ್ದಿಲ್ಲದ ಸಮುದ್ರವಲ್ಲ, ಬಿರುಗಾಳಿಗಳ ಸಮುದ್ರ. ಒಂದು ಸಭೆಯಲ್ಲಿ ಅದನ್ನು ಓದುತ್ತಿದ್ದಾಗ ಮುಂದಿನ ಸಾಲಿನಲ್ಲಿದ್ದ ಮೇಷ್ಟ್ರು ಎದ್ದು, ಕುರ್ಚಿಯನ್ನು ಸದ್ದಾಗದ ಹಾಗೆ ಹಿಂದಕ್ಕೆ ಸರಿಸಿ, ಹೊರಗೆ ಹೋದರು. ಅಷ್ಟೇ. ಆಮೇಲೆ ಆಕೆಯೊಡನೆ ಅವರು ಮಾತಾಡಲಿಲ್ಲ.

ಮಾತಾಡದೆ ಇರುವುದೂ ಸುಲಭವಿರಲಿಲ್ಲ, ಇಬ್ಬರ ಕೋಣೆಗಳೂ ಎದುರುಬದುರು. ಸೂಕ್ಷ್ಮದರ್ಶಕ ಇದ್ದದ್ದು ಒಂದೇ. ಅದು ಬೇಕಾದಾಗ ಮೇಷ್ಟ್ರು ಅಟೆಂಡರನನ್ನು ಕರೆದು, ಆಕೆಗೆ ಕೇಳುವಷ್ಟು ಗಟ್ಟಿಯಾಗಿ, "ಎದುರಿನ ಕೋಣೆಯವರ ಕೆಲಸ ಮುಗಿದಿದ್ರೆ ತಗೊಂಡು ಬಾ" ಅನ್ನುವರು. ಆಕೆಯೂ ಅಷ್ಟೇ ಗಟ್ಟಿಯಾಗಿ, "ಮುಗಿದಿಲ್ಲ ಅಂತ ಹೇಳಪ್ಪ" ಅನ್ನುವಳು. ನಡುವೆ ನಿಂತ ಅಟೆಂಡರ್, "ಇಬ್ಬರಿಗೂ ಕೇಳಿಸಿತಲ್ಲ, ನಾನು ಟೀ ಕುಡಿದು ಬರ್ತೀನಿ" ಎಂದು ಹೊರಟುಬಿಡುವನು.

ಆ ದಿನಗಳಲ್ಲೇ ಆಕೆಗೆ ಮದುವೆಯಾಯಿತು. ಗಂಡ ಹಲ್ಲಿನ ಸೆಟ್ ಕಟ್ಟುವವನು. ಡಾಕ್ಟರಲ್ಲ, ಡಾಕ್ಟರುಗಳು ಕಳಿಸಿದ ಅಚ್ಚು ನೋಡಿ ಹಲ್ಲು ಕೂರಿಸುವ ಲ್ಯಾಬು ಅವನದು. ಕಲ್ಲಿನಿಂದ ಚಿಪ್ಪು ಬಿಡಿಸಲು ಹಲ್ಲು ಕೆರೆಯುವ ಕೊಕ್ಕೆಕಡ್ಡಿ ಬಹಳ ಚೆನ್ನ ಎಂದು ಯಾರೋ ಹೇಳಿ, ಸವೆದವು ಸಿಗಬಹುದೇ ಎಂದು ಕೇಳಲು ಹೋದಾಗ ಆದ ಪರಿಚಯ. "ಯಾರ ಹಲ್ಲಿಗೆ?" ಎಂದು ಕೇಳಿದ್ದನಂತೆ. "ಹಲ್ಲಿಲ್ಲದ ಪ್ರಾಣಿಗೆ" ಅಂದಿದ್ದಳು. ಆಮೇಲೆ ಹೊಸ ಕಡ್ಡಿಗಳೂ ಬೇಗ ಬೇಗ ಸವೆಯತೊಡಗಿದವು, ಅವನ್ನು ಕೊಡಲು ಅವನೇ ಕಾಲೇಜಿಗೆ ಬರತೊಡಗಿದ. ಮದುವೆಗೆ ಮೇಷ್ಟ್ರ ಹೆಂಡತಿ ಒಬ್ಬರೇ ಬಂದು, ಆಕೆಯ ಕೈ ಹಿಡಿದು, "ಅವರಿಗೆ ಮೈ ಸರಿಯಿಲ್ಲ ಕಣಮ್ಮ" ಅಂದರು. ಇಬ್ಬರಿಗೂ ಅದು ಸುಳ್ಳೆಂದು ಗೊತ್ತಿತ್ತು.

ಮೇಷ್ಟ್ರು ನಿವೃತ್ತರಾದರು. ಎದುರಿನ ಕೋಣೆಗೆ ಬೇರೆಯವರು ಬಂದರು. ಸೂಕ್ಷ್ಮದರ್ಶಕಗಳೂ ಎರಡಾದವು. ಆಕೆಗೆ ಮಾತ್ರ ಏನೋ ಬಣಬಣ. ಒಂದು ಸಂಜೆ ಮೇಷ್ಟ್ರ ಹೆಂಡತಿಯ ಫೋನು ಬಂತು. ಮೇಷ್ಟ್ರಿಗೆ ಪಾರ್ಶ್ವವಾಯು ಹೊಡೆದು ಎರಡು ತಿಂಗಳಾಗಿತ್ತು. ಬಲಗೈ ಬಿದ್ದುಹೋಗಿತ್ತು. ಮಾತೂ ಹೋಗಿತ್ತು.

"ಪೂರ್ತಿ ಹೋಗಿಲ್ಲಮ್ಮ, ಒಂದು ಪದ ಉಳಿದಿದೆ. 'ಅದೇ' ಅಂತಾರೆ. ಎಲ್ಲದಕ್ಕೂ ಅದೇ. ನೀರು ಬೇಕಾದ್ರೂ ಅದೇ, ಕೋಪ ಬಂದ್ರೂ ಅದೇ. ಇಡೀ ದಿನ ಕೈಯಲ್ಲಿ ಏನನ್ನೋ ಹಿಡಿದು ತಿರುಗಿಸೋ ಹಾಗೆ ಮಾಡ್ತಿರ್ತಾರೆ. ಔಷಧಿ ಡಬ್ಬಿ ಕೊಟ್ಟೆ, ಎಸೆದ್ರು. ಕಲ್ಲು ಕೇಳ್ತಿದ್ದಾರೆ ಅನ್ಸುತ್ತೆ. ನನಗೆ ಯಾವ ಕಲ್ಲು ಅಂತ ಗೊತ್ತಾಗುತ್ತೆ ಹೇಳು?"

ಆಕೆ ಫೋನಿಟ್ಟಳು. ಗಂಡ ಕೇಳಿದ. ಹೇಳಿದಳು. "ನನ್ನ ಮುಖ ನೋಡಿದ್ರೆ ಅವರಿಗೆ ಇನ್ನೂ ಜಾಸ್ತಿಯಾದ್ರೆ?"

"ಜಾಸ್ತಿಯಾಗೋಕೆ ಇನ್ನೇನು ಉಳಿದಿದೆ? ಹೋಗಿ ಬಾ," ಅಂದ ಗಂಡ. ಆಮೇಲೆ, "ಒಂದು ವಿಷಯ. ಬೈಬೇಡ. ನಿಮ್ಮ ಮೇಷ್ಟ್ರ ಹಲ್ಲಿನ ಸೆಟ್ ಕಟ್ಟಿದ್ದು ನಾನೇ. ಡಾಕ್ಟರು ಕಳಿಸಿದ್ರು. ನಿನಗೆ ಹೇಳಿರಲಿಲ್ಲ."

"ಅವರಿಗೆ ಗೊತ್ತಾ?"

"ಗೊತ್ತು. ಸರಿಯಾಗಿ ಕೂತಿಲ್ಲ ಅಂತ ಲ್ಯಾಬಿಗೇ ಬಂದಿದ್ರು. 'ಚೆನ್ನಾಗಿ ಕಟ್ಟಿದೀಯಪ್ಪ, ಸ್ವಲ್ಪ ಹಟ ಜಾಸ್ತಿ, ನಿನ್ನ ಹೆಂಡತಿ ಥರ' ಅಂದ್ರು."

ಆಕೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮೊದಲ ಸಲ ಹೋದಾಗ ಮೇಷ್ಟ್ರು ಮುಖ ಗೋಡೆಯ ಕಡೆಗೆ ತಿರುಗಿಸಿದರು. ಆಕೆ ಮೇಷ್ಟ್ರ ಹೆಂಡತಿ ಕೊಟ್ಟ ಟೀ ಕುಡಿದು, ಎದ್ದು ಬಂದಳು. ಎರಡನೆಯ ಸಲ ಮಾತಾಡಿಸುವ ಗೋಜಿಗೇ ಹೋಗಲಿಲ್ಲ. ಚಿಪ್ಪು ತುಂಬಿದ ಒಂದು ತಟ್ಟೆಯನ್ನು ಊಟದ ಮೇಜಿನ ಮೇಲಿಟ್ಟು, ಅಡುಗೆಮನೆಗೆ ಹೋಗಿ ಮೇಷ್ಟ್ರ ಹೆಂಡತಿಯ ಜೊತೆ ಪಾತ್ರೆ ಒರೆಸುತ್ತಾ ನಿಂತಳು. ಹೊರಗಿನಿಂದ ಸಣ್ಣ ಸದ್ದು ಬರತೊಡಗಿತು. ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್. ಇಣುಕಿದರೆ, ಮೇಷ್ಟ್ರು ಎಡಗೈಯಲ್ಲಿ ಒಂದೊಂದೇ ಚಿಪ್ಪನ್ನು ಎತ್ತಿ, ಹೆಬ್ಬೆರಳಲ್ಲಿ ಕೊಕ್ಕು ಹುಡುಕಿ, ಕೊಕ್ಕು ತಮ್ಮ ಕಡೆಗೆ ಬರುವಂತೆ ಸಾಲಾಗಿ ಇಡುತ್ತಿದ್ದರು. ಒಂದೂ ತಪ್ಪಿರಲಿಲ್ಲ. ಹೆಸರು, ಊರು, ಹೆಂಡತಿಯನ್ನು ಕರೆಯುವ ಪದ, ಎಲ್ಲವೂ ಹೋಗಿದ್ದವು. ಬ್ರಾಕಿಯೋಪಾಡಿನ ಕೊಕ್ಕು ಯಾವ ಕಡೆ ಇರಬೇಕೆಂಬುದು ಹೋಗಿರಲಿಲ್ಲ.

ಅಲ್ಲಿಂದ ಮುಂದೆ ಬಿಡುವಾದ ದಿನವೆಲ್ಲ ಆಕೆ ಅಲ್ಲಿಗೆ ಹೋದಳು. ಆ ಮನೆಯವರು ಅಡುಗೆಮನೆಯಲ್ಲೇ ಕೂತು ಊಟ ಮಾಡುವಂತಾಯಿತು, ಏಕೆಂದರೆ ಊಟದ ಮೇಜು ಸಮುದ್ರದ ಪಾಲಾಗಿತ್ತು. ಮೇಷ್ಟ್ರು ವಿಂಗಡಿಸುವರು, ಆಕೆ ನೋಡುವಳು. ಇಡಿಯಾಗಿ ಮುಚ್ಚಿಕೊಂಡ ಚಿಪ್ಪುಗಳು ಬಲಕ್ಕೆ, ಒಡೆದವು ಎಡಕ್ಕೆ. ಆಮೇಲೆ ಬಲಗಡೆಯ ರಾಶಿಯನ್ನು ಬೆರಳಿನಿಂದ ಬಡಿದು, "ಅದೇ!" ಅನ್ನುವರು. ನನ್ನ ಸಮುದ್ರ ಇದು, ಸದ್ದಿಲ್ಲದ್ದು, ಎಂದು ಅರ್ಥ.

ಆಕೆ ಎಡಗಡೆಯ ರಾಶಿಯನ್ನು ಬಡಿಯುವಳು. "ಇದೂ ಇದೆಯಲ್ಲ ಸರ್. ಇದಕ್ಕೇನು ಹೇಳ್ತೀರಿ?"

"ಅದೇ, ಅದೇ!"

"ಅಲ್ಲ ಸರ್!"

"ಅದೇ!"

"ಜಪ್ಪಯ್ಯ ಅಂದ್ರೂ ಒಪ್ಪಲ್ಲ ಅಲ್ವಾ ನೀವು?"

ಒಂದು ದಿನ ಇಬ್ಬರ ಗಂಟಲೂ ಏರಿದ್ದು ಕೇಳಿ ಮೇಷ್ಟ್ರ ಹೆಂಡತಿ ಸೌಟು ಹಿಡಿದುಕೊಂಡೇ ಓಡಿಬಂದರು. ಆಕೆಗೆ ನಾಚಿಕೆಯಾಯಿತು. ಕಾಯಿಲೆ ಮನುಷ್ಯರ ಮೇಲೆ ಹೀಗೆ ಕೂಗಾಡಿದೆನಲ್ಲ ಎಂದು ತಲೆ ತಗ್ಗಿಸಿದಳು. ಆದರೆ ಮೇಷ್ಟ್ರ ಹೆಂಡತಿಯ ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ನಗುವಿತ್ತು. "ಜಗಳ ಶುರು ಆಯ್ತಾ? ಸದ್ಯ. ಮನೆಗೆ ಬರೋರೆಲ್ಲ ಮಗು ಜೊತೆ ಮಾತಾಡೋ ಹಾಗೆ ಮಾತಾಡಿ ಹೋಗ್ತಾರೆ. ನೀನೊಬ್ಬಳು ಬೈದೆ ನೋಡು. ಆಡಿ, ಆಡಿ. ನನ್ನ ಒಗ್ಗರಣೆ ಸೀದು ಹೋಯ್ತು," ಎಂದು ಒಳಗೆ ಹೋದರು.

ಕಾಲೇಜಿನಲ್ಲಿ ಇದು ಗೊತ್ತಾಗದೆ ಇರಲಿಲ್ಲ. ಎದುರಿನ ಕೋಣೆಗೆ ಬಂದಿದ್ದ ಸಹೋದ್ಯೋಗಿ ಒಳ್ಳೆಯ ಮನಸ್ಸಿನವನೇ, ಆದರೂ ಕೇಳಿದ, "ಮೇಡಂ, ಒಂದು ಮಾತು. ಅವರು ಹೇಳೋದು ಅದೇ ಒಂದು ಪದ. ಅವರು ಏನೋ ಯೋಚಿಸ್ತಿದ್ದಾರೆ ಅಂತ ನಿಮಗೆ ಅನ್ನಿಸ್ತಿದೆ. ನಿಜವಾಗ್ಲೂ ಯೋಚಿಸ್ತಿದ್ದಾರಾ?"

ಆ ಪ್ರಶ್ನೆ ಆಕೆಯನ್ನು ಮುಳ್ಳಿನ ಹಾಗೆ ಚುಚ್ಚಿತು. ಪ್ರೀತಿಯಿಂದಲೋ ಪಶ್ಚಾತ್ತಾಪದಿಂದಲೋ ತಾನೇ ಎಲ್ಲವನ್ನೂ ಊಹಿಸಿಕೊಳ್ಳುತ್ತಿರಬಹುದೇ? ಮುಂದಿನ ಸಲ ಹೋದಾಗ ಬೇಕೆಂದೇ ಸಾಲಿನ ನಡುವೆ ಒಂದು ನಿಜವಾದ ಕಪ್ಪೆಚಿಪ್ಪಿನ ಪಳೆಯುಳಿಕೆ ಸೇರಿಸಿದಳು. ಬೇರೆ ಊರಿನ ಬೇರೆ ಕಾಲದ ಇನ್ನೊಂದನ್ನೂ ಇಟ್ಟಳು, ಅದು ನೋಡಲು ಪಕ್ಕದಲ್ಲಿದ್ದ ಚಿಪ್ಪಿನ ಹಾಗೇ ಇತ್ತು. ಮೇಷ್ಟ್ರು ಮೊದಲನೆಯದನ್ನು ಮುಟ್ಟಿದವರೇ ಮೇಜಿನಿಂದಾಚೆ ತಳ್ಳಿದರು. ಎರಡನೆಯದನ್ನು ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿ, ಆಕೆಯ ಕಡೆಗೆ ತಿರುಗಿ ನೋಡಿದರು. ಆ ನೋಟದಲ್ಲಿ, ನನಗೇ ಪರೀಕ್ಷೆಯೇ, ಎಂಬುದು ಅಚ್ಚು ಹಾಕಿದಷ್ಟು ಸ್ಪಷ್ಟವಾಗಿತ್ತು. ಆಮೇಲೆ ಅದೂ ನೆಲಕ್ಕೆ ಬಿತ್ತು. ಆಕೆ ಮಂಡಿಯೂರಿ ಎರಡನ್ನೂ ಹುಡುಕುತ್ತಾ ಮೇಜಿನ ಕೆಳಗೇ ಸ್ವಲ್ಪ ಹೊತ್ತು ಕೂತು ಕಣ್ಣೊರೆಸಿಕೊಂಡಳು.

ಹೀಗೆ ನಡೆಯುತ್ತಿದ್ದಾಗ ಒಂದು ದಿನ ಆಕೆ ತನ್ನ ಬಿರುಗಾಳಿ ಪದರದ ಒಂದು ಹಾಸುಗಲ್ಲನ್ನು ಒಯ್ದಳು. ಒಡೆದ ಚಿಪ್ಪುಗಳೇ ತುಂಬಿದ್ದ ಕಲ್ಲು. ಇದನ್ನು ನೋಡಿಯಾದರೂ ಒಪ್ಪಿಕೊಳ್ಳಲಿ ಎಂಬುದು ಆಕೆಯ ಲೆಕ್ಕ. ಮೇಷ್ಟ್ರು ಅದರ ಮೇಲೆ ಬೆರಳಾಡಿಸಿದರು. ಅಲ್ಲಲ್ಲಿ ಹುಳ ಕೊರೆದಂತೆ ಪುಟ್ಟ ಪುಟ್ಟ ಕುಳಿಗಳಿದ್ದವು, ಆಕೆ ಅವನ್ನು ಗಣನೆಗೇ ತೆಗೆದುಕೊಂಡಿರಲಿಲ್ಲ. ಮೇಷ್ಟ್ರ ಬೆರಳು ಅಲ್ಲಿ ನಿಂತಿತು. ಕುಳಿಯನ್ನು ಬಡಿದರು. ಆಮೇಲೆ ತಮ್ಮ ಹಲ್ಲನ್ನು ಬಡಿದುಕೊಂಡರು. ಮತ್ತೆ ಕುಳಿ. ಮತ್ತೆ ಹಲ್ಲು.

"ಹಲ್ಲು ನೋವೇನ್ರಿ?" ಎಂದು ಹೆಂಡತಿ ಲವಂಗದೆಣ್ಣೆ ತಂದರು. ಮೇಷ್ಟ್ರು ಅವರ ಕೈ ತಳ್ಳಿ, ಸೆಟ್ಟನ್ನೇ ಬಾಯಿಂದ ತೆಗೆದು ಮೇಜಿನ ಮೇಲಿಟ್ಟು, "ಅದೇ! ಅದೇ!" ಎಂದು ಕೂಗಿದರು.

ಆಗ ಆಕೆಗೆ ಹೊಳೆಯಿತು. ಹಲ್ಲಿನ ಸೆಟ್. ಅದನ್ನು ಕಟ್ಟಿದವನು. ಅಚ್ಚು! ಕುಳಿ ಎಂದರೆ ಏನೋ ಇದ್ದು ಕರಗಿಹೋದ ಜಾಗ. ಅದರೊಳಗೆ ಹಲ್ಲಿನ ಅಚ್ಚು ತೆಗೆಯುವ ರಬ್ಬರು ತುಂಬಿ ಎತ್ತಿದರೆ, ಹೋದದ್ದರ ಆಕಾರ ಕೈಗೆ ಬರುತ್ತದೆ.

ಗಂಡ ಮಾರನೆಯ ದಿನ ಬೆಳಗ್ಗೆ ತನ್ನ ಲ್ಯಾಬಿನಲ್ಲಿ, ಕೂತು ಕಾಯುತ್ತಿದ್ದ ಬಾಯಿಗಳ ಅಚ್ಚುಗಳನ್ನೆಲ್ಲ ಪಕ್ಕಕ್ಕಿಟ್ಟು, ಗುಲಾಬಿ ಬಣ್ಣದ ರಬ್ಬರನ್ನು ಕಲೆಸಿ ಕುಳಿಗಳಿಗೆ ಹೊಯ್ದ. ಗಟ್ಟಿಯಾದ ಮೇಲೆ ಮೆಲ್ಲಗೆ ಎಳೆದ. ಇಬ್ಬರೂ ದೀಪದ ಕೆಳಗೆ ಬಗ್ಗಿದರು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಚಿಪ್ಪುಗಳು. ಎರಡೂ ಮುಚ್ಚಳ ಮುಚ್ಚಿಕೊಂಡು, ಕೊಕ್ಕನ್ನು ಒಡೆದ ಚೂರುಗಳಿಗೆ ಆನಿಸಿ, ಒತ್ತೊತ್ತಾಗಿ ಕೂತಿದ್ದವು.

"ಮರಿಗಳು," ಅಂದಳು ಆಕೆ. "ಒಡೆದ ಚಿಪ್ಪಿನ ಮೇಲೆ ಬಂದು ಅಂಟಿಕೊಂಡು ಬೆಳೆದ ಮರಿಗಳು ಕಣ್ರೀ."

"ಅಂದ್ರೆ?"

"ಅಂದ್ರೆ ಬಿರುಗಾಳಿ ಬಂತು, ಹೋಯ್ತು. ಆಮೇಲೆ ಇವು ಇಷ್ಟು ಬೆಳೆಯೋವಷ್ಟು ಕಾಲ ಅಲ್ಲಿ ಏನೂ ಅಲುಗಾಡಲಿಲ್ಲ."

ಆಕೆ ಮತ್ತೆ ಗಣಿಗೆ ಹೋಗಿ, ಈ ಸಲ ತನ್ನ ಬಿರುಗಾಳಿ ಪದರಗಳನ್ನು ಬಿಟ್ಟು, ಅವುಗಳ ನಡುವಿನ ಬೂದು ಮಣ್ಣುಗಲ್ಲನ್ನು ಕೆದಕಿದಳು. ಇಷ್ಟು ವರ್ಷ ಅದನ್ನು ಕೆಲಸಕ್ಕೆ ಬಾರದ್ದೆಂದು ದಾಟಿ ಹೋಗಿದ್ದಳು. ಅದರ ತುಂಬ ಮೇಷ್ಟ್ರ ಚಿಪ್ಪುಗಳು, ಇಡಿಯಾಗಿ, ರೆಕ್ಕೆ ಬಿಚ್ಚಿ ಮಲಗಿದ್ದವು. ಬಿರುಗಾಳಿಗಳು ನಿಜ, ಆದರೆ ಅವು ಕ್ಷಣದ ಅತಿಥಿಗಳು. ಉಳಿದ ಅಷ್ಟೂ ಕಾಲ ಆ ಸಮುದ್ರ ಮೇಷ್ಟ್ರು ಹೇಳಿದ ಹಾಗೆ ಸುಮ್ಮನಿತ್ತು. ಬಿರುಗಾಳಿಯೇ ಇರಲಿಲ್ಲ ಅಂದದ್ದು ಅವರ ತಪ್ಪು. ಬಿರುಗಾಳಿಯನ್ನು ಬಿಟ್ಟು ಬೇರೇನೂ ನೋಡದೆ ಹೋದದ್ದು ಆಕೆಯ ತಪ್ಪು. ತೂಗಿ ನೋಡಿದರೆ ತನ್ನದೇ ದೊಡ್ಡದು ಅನ್ನಿಸಿತು ಆಕೆಗೆ. ಅದು ಹಿತವಾದ ವಿಚಾರವಾಗಿರಲಿಲ್ಲ.

ಆಮೇಲೆ ಮೇಷ್ಟ್ರನ್ನೇ ಗಣಿಗೆ ಕರೆದೊಯ್ಯಬೇಕೆಂದು ನಿಶ್ಚಯಿಸಿದಳು. ಗಣಿಯ ಮೇಸ್ತ್ರಿಗೆ ಮೇಷ್ಟ್ರು ಹಳೆಯ ಪರಿಚಯ. ಅವನು ಲಾರಿಗಳನ್ನು ನಿಲ್ಲಿಸಿ, ತಾನೂ ಇನ್ನಿಬ್ಬರೂ ಸೇರಿ ಗಾಲಿಕುರ್ಚಿಯನ್ನು ಹೊಂಡದೊಳಕ್ಕೆ ಹೊತ್ತು ಇಳಿಸಿದ. "ಸಾಹೇಬ್ರು ಇಲ್ಲಿ ಬೈದಷ್ಟು ನಮ್ಮ ಮಾಲೀಕರೂ ಬೈದಿಲ್ಲ," ಎಂದು ನಕ್ಕ. ಮೇಷ್ಟ್ರ ಹೆಂಡತಿ ಕೊಡೆ ಹಿಡಿದು ಹಿಂದೆ ಬಂದರು. ಬಿಸಿಲಿಗೆ ಬಂಡೆಯ ಮುಖ ಬೆಳ್ಳಗೆ ಹೊಳೆಯುತ್ತಿತ್ತು. ಆಕೆ ಪದರಗಳನ್ನು ಒಂದೊಂದಾಗಿ ತೋರಿಸುತ್ತಾ ಹೋದಳು. ಇಲ್ಲಿ ಬಿರುಗಾಳಿ ಸರ್. ಇಲ್ಲಿ ಸುಮ್ಮನೆ. ಇಲ್ಲಿ ಮತ್ತೆ ಬಿರುಗಾಳಿ. ಇದರ ಮೇಲೆ ಮರಿಗಳಿರಬೇಕು, ತೆಗೆದು ತೋರಿಸ್ತೀನಿ, ಎಂದು ಉಳಿಯನ್ನು ಇಟ್ಟು ಸುತ್ತಿಗೆ ಎತ್ತಿದಳು.

"ದಡ್ಡಿ!"

ಸುತ್ತಿಗೆ ಗಾಳಿಯಲ್ಲೇ ನಿಂತಿತು. ಮೇಷ್ಟ್ರು ಎಡಗೈ ಚಾಚಿ ಉಳಿಯನ್ನು ತೋರಿಸುತ್ತಿದ್ದರು. ಆಕೆ ಅದನ್ನು ಇಟ್ಟದ್ದು ನೇರವಾಗಿ ಮರಿಗಳಿರುವ ಮೈಯ ಮೇಲೆಯೇ. ಒಂದು ಏಟು ಬಿದ್ದಿದ್ದರೆ ಪುಡಿಯಾಗುತ್ತಿತ್ತು. "ದಡ್ಡಿ," ಎಂದು ಮೇಷ್ಟ್ರು ಇನ್ನೊಮ್ಮೆ ಅಂದರು, ಈ ಸಲ ಆ ಪದ ತಮ್ಮ ಬಾಯಿಂದ ಬಂದದ್ದಕ್ಕೆ ತಾವೇ ಬೆರಗಾಗಿ, ಮೆಲ್ಲಗೆ, ರುಚಿ ನೋಡುವವರಂತೆ.

ಆಕೆ ಸುತ್ತಿಗೆ ಕೆಳಗಿಟ್ಟು ಬಂಡೆಯ ಮೇಲೇ ಕುಸಿದು ಕೂತಳು. ನಗು ಬಂತು, ಅಳುವೂ ಬಂತು, ಎರಡನ್ನೂ ತಡೆಯಲಿಲ್ಲ. ಮೇಷ್ಟ್ರ ಹೆಂಡತಿ ಕೊಡೆ ಮಡಚಿ, "ನೋಡಿದ್ಯಾ ಇವರನ್ನ! ನನ್ನ ಹೆಸರು ಬರಲಿಲ್ಲ, ನಿನ್ನ ಬೈಗುಳ ಬಂತು," ಎಂದರು. ಹಾಸ್ಯಕ್ಕೇ ಅಂದದ್ದು. ಆದರೂ ಅವರ ಧ್ವನಿ ಕೊನೆಯಲ್ಲಿ ಒಂಚೂರು ಜಾರಿತು, ಅದು ಆಕೆಯ ಕಿವಿಗೆ ಬಿತ್ತು. ವಾಪಸು ಬರುವಾಗ ಆಕೆ ಗಾಲಿಕುರ್ಚಿಯ ಪಕ್ಕದಲ್ಲಿ ನಡೆಯಲಿಲ್ಲ. ಹಿಂದೆ ಬರುತ್ತಿದ್ದ, ಈಗೀಗ ತಾನು ಅಮ್ಮ ಎಂದೇ ಕರೆಯುತ್ತಿದ್ದ ಮೇಷ್ಟ್ರ ಹೆಂಡತಿಯ ತೋಳು ಹಿಡಿದು ನಡೆದಳು.

ಹೊಸ ಲೇಖನ ಇಬ್ಬರ ಹೆಸರಿನಲ್ಲೂ ಬಂತು. ಬರೆದದ್ದನ್ನು ಸಾಲುಸಾಲಾಗಿ ಓದಿ ಹೇಳಿದಳು. ಒಪ್ಪದ ಕಡೆ ಮೇಷ್ಟ್ರು ಕಾಗದವನ್ನು ತಳ್ಳುವರು, ಒಪ್ಪಿದ ಕಡೆ ಕಣ್ಣು ಮುಚ್ಚುವರು. ತನ್ನ ಹಳೆಯ ಲೇಖನ ಎಲ್ಲಿ ತಪ್ಪಿತ್ತೆಂದು ಬರೆದ ಭಾಗ ಬಂದಾಗ ಮಾತ್ರ ಅವರು ಕಾಗದವನ್ನೂ ತಳ್ಳಲಿಲ್ಲ, ಕಣ್ಣನ್ನೂ ಮುಚ್ಚಲಿಲ್ಲ. ಎಡಗೈಯನ್ನು ಆಕೆಯ ಕೈ ಮೇಲಿಟ್ಟು, ಓದಿ ಮುಗಿಯುವವರೆಗೂ ತೆಗೆಯಲಿಲ್ಲ. ಹೊರಗೆ ಲೇಖನಕ್ಕೆ ಅಂಥ ಸದ್ದೇನೂ ಆಗಲಿಲ್ಲ. ಒಂದಿಬ್ಬರು ಮೆಚ್ಚಿದರು, ಒಬ್ಬರು ಒಪ್ಪುವುದಿಲ್ಲವೆಂದು ಉದ್ದವಾಗಿ ಬರೆದರು. ಆ ಒಪ್ಪದವರ ಬರಹವನ್ನು ಓದಿ ಹೇಳಿದಾಗಲೇ ಮೇಷ್ಟ್ರಿಗೆ ಹೆಚ್ಚು ಖುಷಿಯಾದದ್ದು.

ಮುಂದಿನ ವರ್ಷ ಎರಡನೆಯ ಸಲ ಪಾರ್ಶ್ವವಾಯು ಹೊಡೆದು ಮೇಷ್ಟ್ರು ತೀರಿಕೊಂಡರು. ಅಷ್ಟರಲ್ಲಿ ಅವರಿಗೆ ಒಂದು ಹಿಡಿ ಪದಗಳು ಮರಳಿದ್ದವು. ಹೆಂಡತಿಯ ಹೆಸರೂ ಅದರಲ್ಲಿತ್ತು. ಅದು ಬಂದ ದಿನ ಅಮ್ಮ ಕಾಲೇಜಿಗೇ ಫೋನು ಮಾಡಿ, ತರಗತಿಯಿಂದ ಆಕೆಯನ್ನು ಕರೆಸಿ ಹೇಳಿದ್ದರು.

ಆಕೆ ಈಗಲೂ ಆ ಮನೆಗೆ ಹೋಗುತ್ತಾಳೆ. ಮೇಷ್ಟ್ರು ಹೋದ ಮೇಲೆ ಮೊದಲ ಸಲ, ಚಿಪ್ಪಿನ ತಟ್ಟೆಗಳನ್ನು ವಾಪಸು ತರಲು ಹೋಗಿದ್ದಾಗ ಅಮ್ಮ ಒಂದು ಚಿಪ್ಪನ್ನು ಸೆರಗಿನಲ್ಲಿ ಒರೆಸುತ್ತಾ ಕೇಳಿದರು:

"ಇದು ಬದುಕಿದ್ದಾಗ ಏನು ತಿಂತಿತ್ತು?"

"ಬಾಯಿ ಸ್ವಲ್ಪ ತೆರೆದುಕೊಂಡು ಕೂತಿರ್ತಿತ್ತಮ್ಮ. ಒಳಗೆ ಗರಿ ಥರ ಎರಡು ತೋಳು. ನೀರಲ್ಲಿ ತೇಲಿ ಬಂದ ಸಣ್ಣ ಸಣ್ಣ ಚೂರನ್ನ ಅದರಲ್ಲಿ ಸೋಸಿ ತಿಂತಿತ್ತು."

"ಅಷ್ಟೇನಾ? ಇಷ್ಟು ಸುಲಭದ ವಿಷಯ ಇವರು ನನಗೆ ಯಾಕೆ ಒಂದು ಸಲಾನೂ ಹೇಳಲಿಲ್ಲ?"

"ನೀವು ಕೇಳಿದ್ರಾ?"

ಅಮ್ಮ ಚಿಪ್ಪನ್ನು ಮೇಜಿನ ಮೇಲಿಟ್ಟರು. "ಕೇಳಿರಲಿಲ್ಲ," ಎಂದು ಒಪ್ಪಿಕೊಂಡರು. ಆಮೇಲೆ ಕುರ್ಚಿ ಎಳೆದು ಕೂತು, ಪಕ್ಕದಲ್ಲಿದ್ದ ಇನ್ನೊಂದನ್ನು ಎತ್ತಿಕೊಂಡರು. "ಸರಿ. ಇದು?"